ಗೃಹಸ್ಥರ ಪುಟ: ಹೊಳೆಯ ದಡದಲ್ಲಿ ಎರಡು ದಿನ

ಲೋಕದ ಮಹಾನಗರಗಳಲ್ಲಿ ಅನೇಕವು ಯಾವುದಾದರೊಂದು ನದಿಯ ಮಗ್ಗುಲಿನಲ್ಲಿ ಹುಟ್ಟಿ, ಅದರ ನೀರನ್ನು ಕುಡಿದು ಬೆಳೆದಂಥವು. ನಮ್ಮ ಬೆಂಗಳೂರಿಗೆ ಆ ಭಾಗ್ಯವಿಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದ ದಿಣ್ಣೆಯ ಮೇಲೆ, ಕೆರೆಕುಂಟೆಗಳನ್ನು ನಂಬಿಕೊಂಡು ಬೆಳೆದ ಊರು ಇದು. ಊರೊಳಗೇ ಹುಟ್ಟುವ ವೃಷಭಾವತಿಯೆಂಬ ಚಿಕ್ಕ ಹೊಳೆಯೊಂದು ಉಂಟಾದರೂ, ಇಂದು ಅದರ ಸಮೀಪದಲ್ಲಿ ಹಾದುಹೋಗುವವರು ಮೂಗಿಗೆ ವಸ್ತ್ರವನ್ನು ಹಿಡಿದುಕೊಂಡೇ ಹೋಗಬೇಕಾಗಿದೆ. ಆದುದರಿಂದ ಇಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಎಷ್ಟೋ ಮಂದಿ ಹೊಳೆಯೆಂದರೇನೆಂಬುದನ್ನು ಪಾಠದ ಪುಸ್ತಕದಲ್ಲಿ ಓದಿ ಬಲ್ಲರೇ ಹೊರತು, ಹರಿಯುವ ನೀರಿನಲ್ಲಿ ಕಾಲಿಟ್ಟು ಬಲ್ಲವರಲ್ಲ. ಹಳ್ಳಿಯಿಂದ ಬಂದು ಮಗನ ಮನೆಯಲ್ಲಿ ನೆಲೆಸಿರುವ ಹಿರಿಯರಿಗಾದರೋ, ನದೀಸ್ನಾನವೆಂಬುದು ನೆನಪಾಗಿ ಉಳಿದಿದೆ. ಇವೆರಡು ತಲೆಮಾರುಗಳ ನಡುವೆ ಮನೆಯೊಡತಿಯು ವರ್ಷದ ಎಲ್ಲ ದಿನಗಳೂ ಒಲೆ, ಕಛೇರಿ, ಶಾಲೆ, ಔಷಧಗಳ ಲೆಕ್ಕವನ್ನು ಹೊತ್ತು ನಡೆಯುತ್ತಿರುತ್ತಾಳೆ.

ಈ ಮೂವರಿಗೂ ಏಕಕಾಲದಲ್ಲಿ ಹಿತವನ್ನುಂಟುಮಾಡುವ ಉಪಾಯವೊಂದಿದೆ. ಅದು ಹೊಳೆಯ ದಡದಲ್ಲಿ ಎರಡು ದಿನದ ವಾಸ. ಇದಕ್ಕೆ ಹೆಚ್ಚು ಧನವೂ ಬೇಡ, ದೀರ್ಘವಾದ ರಜೆಯೂ ಬೇಡ. ಬೇಕಾದುದು ಮುಂದಾಲೋಚನೆ ಮಾತ್ರ. ಮುಂದಾಲೋಚನೆಯಿಲ್ಲದೆ ಹೊರಟ ವಿಹಾರವು ಆಯಾಸಕ್ಕೆ ಕಾರಣವಾಗುವುದು ಸಾಮಾನ್ಯ. ಹೊಳೆಯ ವಿಷಯದಲ್ಲಿಯಾದರೆ ಅದು ಪ್ರಾಣಾಪಾಯಕ್ಕೂ ಕಾರಣವಾಗಬಹುದು. ಆದುದರಿಂದ ಈ ತಿಂಗಳ ಪುಟವನ್ನು ಇದಕ್ಕಾಗಿಯೇ ಮೀಸಲಿರಿಸಿದ್ದೇವೆ.

ಸ್ಥಳದ ಆಯ್ಕೆ

ಬೆಂಗಳೂರಿನಿಂದ ಕಾವೇರಿಯ ದಡವನ್ನು ಮುಟ್ಟುವುದಕ್ಕೆ ಸ್ಥಳಗಳು ಹಲವಿವೆ. ಕನಕಪುರದ ಕಡೆಯಿಂದ ಹೋದರೆ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮವೂ, ಅದಕ್ಕೆ ಮುಂದೆ ಮೇಕೆದಾಟುವೂ ಸಿಕ್ಕುತ್ತವೆ. ಕಾಡಿನ ನಡುವೆ ಮುತ್ತತ್ತಿಯಿದೆ. ಮಳವಳ್ಳಿಯ ಆಚೆ ಶಿವನಸಮುದ್ರದ ಜಲಪಾತಗಳಿವೆ; ಮರಳಿನಲ್ಲಿ ಹುದುಗಿದ ದೇವಾಲಯಗಳ ತಲಕಾಡಿದೆ. ಇವೆಲ್ಲವೂ ರಮ್ಯವಾದುವೇ. ಆದರೆ ವೃದ್ಧರನ್ನೂ ಎಳೆಯ ಮಕ್ಕಳನ್ನೂ ಕರೆದುಕೊಂಡು ಮೊದಲ ಸಲ ಹೊರಡುವ ಸಂಸಾರಕ್ಕೆ ಶ್ರೀರಂಗಪಟ್ಟಣಕ್ಕಿಂತ ಅನುಕೂಲವಾದ ಸ್ಥಳವನ್ನು ಹೇಳುವುದು ಕಷ್ಟ. ರೈಲು ಊರೊಳಕ್ಕೇ ಹೋಗುತ್ತದೆ. ನಿಲ್ದಾಣದಿಂದ ರಂಗನಾಥಸ್ವಾಮಿಯ ದೇವಸ್ಥಾನಕ್ಕೆ ನಡೆದೇ ಹೋಗಬಹುದು. ಆಸ್ಪತ್ರೆ, ಔಷಧದ ಅಂಗಡಿ, ಊಟದ ಮನೆ ಎಲ್ಲವೂ ಹತ್ತಿರದಲ್ಲಿವೆ. ಹದಿನೈದು ಕಿಲೋಮೀಟರಿನ ಆಚೆಗೆ ಮೈಸೂರಿದೆ. ಏನಾದರೂ ತೊಂದರೆಯಾದರೆ ದಿಕ್ಕುಗಾಣದೆ ನಿಲ್ಲಬೇಕಾಗಿಲ್ಲ.

ಮೇಲಾಗಿ ಶ್ರೀರಂಗಪಟ್ಟಣವು ಕೇವಲ ಹೊಳೆಯ ದಡದ ಊರಲ್ಲ, ಹೊಳೆಯ ನಡುವಿನ ಊರು. ಕಾವೇರಿಯು ಪಶ್ಚಿಮದಲ್ಲಿ ಎರಡಾಗಿ ಸೀಳಿ, ಊರನ್ನು ಎರಡು ತೋಳುಗಳಿಂದ ಬಳಸಿಕೊಂಡು, ಪೂರ್ವದಲ್ಲಿ ಮತ್ತೆ ಒಂದಾಗುತ್ತಾಳೆ. ಆ ಕೂಡುವ ತಾಣವೇ ಇಲ್ಲಿಯ ಸಂಗಮ. ಕಾವೇರಿಯ ಮೂರು ದ್ವೀಪಗಳಲ್ಲಿ ಪವಡಿಸಿರುವ ರಂಗನಾಥರಲ್ಲಿ ಇಲ್ಲಿಯವನು ಆದಿರಂಗ, ಶಿವನಸಮುದ್ರದವನು ಮಧ್ಯರಂಗ, ತಮಿಳು ಸೀಮೆಯ ಶ್ರೀರಂಗದವನು ಅಂತ್ಯರಂಗ. ಹೀಗಾಗಿ ಹಿರಿಯರಿಗೆ ಯಾತ್ರೆಯೂ, ಮಕ್ಕಳಿಗೆ ವಿಹಾರವೂ ಒಂದೇ ಪ್ರಯಾಣದಲ್ಲಿ ಲಭಿಸುತ್ತವೆ.

ಕಾಲದ ವಿಚಾರ

ಯಾವಾಗ ಹೋಗಬೇಕೆಂಬ ಪ್ರಶ್ನೆಗೆ ರಜೆಯ ಪಟ್ಟಿಯನ್ನು ನೋಡಿ ಉತ್ತರ ಹೇಳುವುದು ವಾಡಿಕೆ. ಹೊಳೆಗೆ ಹೋಗುವವರು ಅದಕ್ಕೆ ಮೊದಲು ಹೊಳೆಯನ್ನು ವಿಚಾರಿಸಬೇಕು. ಶ್ರೀರಂಗಪಟ್ಟಣಕ್ಕೆ ಮೇಲ್ಗಡೆ, ಇಪ್ಪತ್ತು ಕಿಲೋಮೀಟರಿನೊಳಗೆ, ಕೃಷ್ಣರಾಜಸಾಗರದ ಅಣೆಕಟ್ಟಿದೆ. ೧೯೧೧ರಲ್ಲಿ ಆರಂಭವಾದ ಈ ಕಟ್ಟೆಯಲ್ಲಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ನೀರು ನಿಲ್ಲುತ್ತದೆ. ಅದರ ಪೂರ್ಣಮಟ್ಟ ೧೨೪.೮೦ ಅಡಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಕೊಡಗು, ಹಾಸನ ಸೀಮೆಗಳಲ್ಲಿ ಮಳೆ ಬಲವಾಗಿ ಹಿಡಿದು, ಕಟ್ಟೆಯು ತುಂಬುತ್ತ ಬಂದಿತೆಂದರೆ, ಒಳಕ್ಕೆ ಬರುವ ನೀರನ್ನೆಲ್ಲ ಕೆಳಕ್ಕೆ ಬಿಡದೆ ಗತಿಯಿಲ್ಲ. ಆಗ ಶ್ರೀರಂಗಪಟ್ಟಣದ ಆಕಾಶ ನಿರ್ಮಲವಾಗಿಯೇ ಇದ್ದರೂ ಹೊಳೆಯು ಏರುತ್ತದೆ. ಇಲ್ಲಿ ಬಿಸಿಲಿದೆ, ಆದುದರಿಂದ ಭಯವಿಲ್ಲ ಎಂದು ಭಾವಿಸುವುದು ದೊಡ್ಡ ತಪ್ಪು.

ಪತ್ರಿಕೆಗಳಲ್ಲಿ ಬರುವ 'ಹೊರಹರಿವು ಇಷ್ಟು ಕ್ಯೂಸೆಕ್' ಎಂಬ ಸಾಲನ್ನು ನಾವು ಓದಿಯೂ ಓದದಂತೆ ಬಿಡುತ್ತೇವೆ. ಅದರ ಅರ್ಥ ಕಠಿನವಲ್ಲ. ಒಂದು ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದರೆ ಸುಮಾರು ೨೮ ಲೀಟರು. ಮನೆಯ ಲೆಕ್ಕದಲ್ಲಿ ಹೆಚ್ಚು ಕಡಿಮೆ ಎರಡು ಬಿಂದಿಗೆ. ಹೊರಹರಿವು ಒಂದು ಲಕ್ಷ ಕ್ಯೂಸೆಕ್ ಎಂದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಲಕ್ಷ ಬಿಂದಿಗೆ ನೀರು ನಮ್ಮ ಮುಂದೆ ಧಾವಿಸಿ ಹೋಗುತ್ತದೆಂದು ತಿಳಿಯಬೇಕು. ೨೦೧೯ರ ಹಾಗೂ ೨೦೨೪ರ ಮಳೆಗಾಲಗಳಲ್ಲಿ ಹೊಳೆಯು ಹೀಗೆ ಉಕ್ಕಿದಾಗ ರಂಗನತಿಟ್ಟಿನ ದೋಣಿಗಳನ್ನು ನಿಲ್ಲಿಸಬೇಕಾಯಿತು. ಆದುದರಿಂದ ಹೊರಡುವುದಕ್ಕೆ ಒಂದು ವಾರ ಮೊದಲಿನಿಂದ ಕಟ್ಟೆಯ ಮಟ್ಟವನ್ನೂ ಹೊರಹರಿವನ್ನೂ ದಿನವೂ ನೋಡುತ್ತಿರಿ. ಈ ಕೆಲಸವನ್ನು ಮನೆಯ ಶಾಲಾಬಾಲಕನಿಗೋ ಬಾಲಕಿಗೋ ವಹಿಸಿದರೆ ಗಣಿತವೂ ಭೂಗೋಳವೂ ತಾವಾಗಿಯೇ ಬರುತ್ತವೆ. ನೀರು ಹೆಚ್ಚಾಗುತ್ತಿದೆಯೆಂದು ಕಂಡರೆ ಪ್ರಯಾಣವನ್ನು ಮುಂದಕ್ಕೆ ಹಾಕುವುದರಲ್ಲಿ ಸಂಕೋಚ ಬೇಡ.

ಎಲ್ಲಕ್ಕಿಂತ ಹಿತವಾದ ಕಾಲವು ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಆಗ ಬಿಸಿಲು ಮೃದು. ಹೊಳೆಯು ಸಾಮಾನ್ಯವಾಗಿ ಶಾಂತ. ರಂಗನತಿಟ್ಟಿನಲ್ಲಿ ಹಕ್ಕಿಗಳು ಗೂಡುಕಟ್ಟತೊಡಗಿರುತ್ತವೆ. ತುಲಾಮಾಸದ ಸ್ನಾನಕ್ಕಾಗಿ ಅಕ್ಟೋಬರಿನ ಮಧ್ಯದಿಂದ ಒಂದು ತಿಂಗಳು, ಮಹಾಲಯದ ಅಮಾವಾಸ್ಯೆ, ವೈಕುಂಠ ಏಕಾದಶಿ ಮೊದಲಾದ ಪರ್ವದಿನಗಳಲ್ಲಿ ಜನಸಂದಣಿ ವಿಶೇಷವಾಗಿರುತ್ತದೆ. ಪುಣ್ಯಕಾಲವೇ ಮುಖ್ಯವೆಂದು ತೋರಿದವರು ಅಂದೇ ಹೋಗಲಿ. ವಿಶ್ರಾಂತಿಯೇ ಮುಖ್ಯವೆನ್ನುವವರು ಆ ದಿನಗಳನ್ನು ಬಿಟ್ಟು ಹೊರಡಲಿ. ಎರಡನ್ನೂ ಒಂದೇ ದಿನ ಬಯಸಿದರೆ ಎರಡೂ ಕೈಗೂಡುವುದಿಲ್ಲ.

ಹೋಗುವ ಬಗೆ

ಸ್ವಂತ ಮೋಟಾರು ಉಳ್ಳವರಿಗೆ ೨೦೨೩ರಲ್ಲಿ ತೆರೆದ ಹೊಸ ಹೆದ್ದಾರಿಯಿದೆ. ಅದೇ ವರ್ಷದ ಆಗಸ್ಟಿನಿಂದ ಮೋಟಾರು ಬೈಕು, ಸ್ಕೂಟರು, ಆಟೋಗಳಿಗೆ ಅದರ ಮುಖ್ಯಪಥದಲ್ಲಿ ಪ್ರವೇಶವನ್ನು ನಿಷೇಧಿಸಿದ್ದಾರೆ; ಅವುಗಳಲ್ಲಿ ಹೋಗುವ ತರುಣರು ಪಕ್ಕದ ರಸ್ತೆಯನ್ನೇ ಹಿಡಿಯಬೇಕು. ಆದರೆ ಸಂಸಾರ ಸಮೇತರಾಗಿ ಹೋಗುವವರಿಗೆ ನಮ್ಮ ಸಲಹೆ ರೈಲು. ಮೋಟಾರಿನಲ್ಲಿ ನಡೆಸುವವನ ಕಣ್ಣು ದಾರಿಯ ಮೇಲೆ, ಉಳಿದವರ ಕಣ್ಣು ಗಡಿಯಾರದ ಮೇಲೆ. ರೈಲಿನಲ್ಲಾದರೆ ಅಜ್ಜಿಯು ಎದ್ದು ನಾಲ್ಕು ಹೆಜ್ಜೆ ನಡೆಯಬಹುದು, ಶೌಚಕ್ಕೆ ಅನುಕೂಲವುಂಟು, ಮಕ್ಕಳಿಗೆ ಕಿಟಕಿಯುಂಟು. ಬೆಂಗಳೂರು ಮೈಸೂರುಗಳ ನಡುವೆ ಓಡುವ ರೈಲುಗಳು ಅನೇಕ. ಆದರೆ ಎಲ್ಲವೂ ಶ್ರೀರಂಗಪಟ್ಟಣದಲ್ಲಿ ನಿಲ್ಲುವುದಿಲ್ಲ. ಇದನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಈ ಹಾದಿಯೇ ಮಕ್ಕಳಿಗೆ ಒಂದು ಪಾಠ. ಕೆಂಗೇರಿಯ ಕಡೆ ವೃಷಭಾವತಿ, ರಾಮನಗರದಲ್ಲಿ ಅರ್ಕಾವತಿ, ಬಣ್ಣದ ಬೊಂಬೆಗಳ ಚನ್ನಪಟ್ಟಣದ ಸೀಮೆಯಲ್ಲಿ ಕಣ್ವ, ವಡೆಗೆ ಹೆಸರಾದ ಮದ್ದೂರಿನಲ್ಲಿ ಶಿಂಷಾ, ಶ್ರೀರಂಗಪಟ್ಟಣದ ಹೊರಗೆ ಕರಿಘಟ್ಟದ ಬುಡದಲ್ಲಿ ಲೋಕಪಾವನಿ. ಇವೆಲ್ಲವೂ ಹರಿದು ಹರಿದು ಕೊನೆಗೆ ಕಾವೇರಿಯನ್ನೇ ಸೇರುವ ಹೊಳೆಗಳು. ಒಂದು ಹಾಳೆಯ ಮೇಲೆ ಈ ಐದು ಹೆಸರುಗಳನ್ನು ಬರೆದು ಮಕ್ಕಳ ಕೈಗೆ ಕೊಡಿ. ಒಂದೊಂದು ಹೊಳೆಯ ಸೀಮೆ ಬಂದಾಗಲೂ ಗುರುತು ಹಾಕಲಿ. ಮೊದಲನೆಯ ಹೊಳೆಯು ಕಪ್ಪಾಗಿರುವುದೇಕೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ದೊಡ್ಡವರು ನಿಜವಾದ ಉತ್ತರವನ್ನೇ ಕೊಡಲಿ.

ಮನೆಯೊಡತಿಯ ಪಾಲು

ನಮ್ಮಲ್ಲಿ ವಿಹಾರವೆಂದರೆ ಗಂಡಸರಿಗೂ ಮಕ್ಕಳಿಗೂ ರಜೆ, ಹೆಂಗಸರಿಗೆ ಸ್ಥಳ ಬದಲಾದ ಅಡಿಗೆ ಎಂಬಂತಾಗಿದೆ. ಹಿಂದಿನ ರಾತ್ರಿ ಹನ್ನೊಂದು ಗಂಟೆಯವರೆಗೆ ಬುತ್ತಿ ಕಟ್ಟುವುದು, ಬೆಳಗಿನ ನಾಲ್ಕಕ್ಕೆ ಏಳುವುದು, ಹೊಳೆಯ ದಡದಲ್ಲಿ ಬಡಿಸುವುದು, ಒದ್ದೆಬಟ್ಟೆ ಹಿಂಡುವುದು, ಹಿಂದಿರುಗಿದ ರಾತ್ರಿ ಪಾತ್ರೆ ತೊಳೆಯುವುದು. ಇಂಥ ಪ್ರವಾಸದಿಂದ ಆಕೆಗೆ ಒದಗಿದ ಲಾಭವೇನು? ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದಣಿದವಳಿಗೆ ವಿಶ್ರಾಂತಿ ದೊರೆಯದ ವಿಹಾರವನ್ನು ವಿಹಾರವೆಂದು ಕರೆಯುವುದು ಸಲ್ಲದು.

ಆದುದರಿಂದ ಒಂದು ನಿಯಮವನ್ನು ಮಾಡಿಕೊಳ್ಳಿ. ಬುತ್ತಿಯು ಒಂದೇ ಹೊತ್ತಿಗೆ. ಉಳಿದ ಊಟಗಳೆಲ್ಲ ಹೊರಗಡೆ. ಆ ಒಂದು ಹೊತ್ತಿಗೆ ಪುಳಿಯೋಗರೆಯೂ ಮೊಸರನ್ನವೂ ಸಾಕು. ಪುಳಿಯೋಗರೆಯು ಹುಣಿಸೆಯ ಹುಳಿ, ಎಣ್ಣೆಗಳ ಬಲದಿಂದ ಬೇಗ ಕೆಡುವುದಿಲ್ಲ. ಗೊಜ್ಜನ್ನು ಎರಡು ದಿನ ಮೊದಲೇ ಮಾಡಿಡಬಹುದು. ಬೆಳಗ್ಗೆ ಅನ್ನಕ್ಕೆ ಕಲಸುವ ಕೆಲಸ ಮಾತ್ರ ಉಳಿಯುತ್ತದೆ. ಮೊಸರನ್ನಕ್ಕೆ ಮೊಸರನ್ನೇ ತುಂಬ ಸುರಿದರೆ ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ. ಮೆತ್ತಗೆ ಬೆಂದ ಅನ್ನವನ್ನು ಆರಿಸಿ, ಕಾಸಿ ಆರಿದ ಹಾಲನ್ನು ಧಾರಾಳವಾಗಿ ಬೆರಸಿ, ಒಂದೆರಡು ಚಮಚ ಮೊಸರನ್ನು ಹೆಪ್ಪಿನಂತೆ ಸೇರಿಸಿದರೆ ಉಣ್ಣುವ ಹೊತ್ತಿಗೆ ಹದವಾಗಿರುತ್ತದೆ. ಇದರ ಜೊತೆಗೆ ಮಕ್ಕಳಿಗೆ ಕೋಡುಬಳೆ, ಬಾಳೆಯ ಹಣ್ಣು. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ. ಹೊಳೆಯ ನೀರು ತಿಳಿಯಾಗಿ ಕಂಡರೂ ಕುಡಿಯಲು ಯೋಗ್ಯವಲ್ಲ. ಮೇಲಣ ಊರುಗಳ ಕೊಳಚೆ ಅದರಲ್ಲಿ ಸೇರಿರುತ್ತದೆ. ತೀರ್ಥವೆಂದು ಮಕ್ಕಳಿಗೆ ಕುಡಿಸುವುದನ್ನು ಬಿಟ್ಟು ತಲೆಯ ಮೇಲೆ ಪ್ರೋಕ್ಷಣೆ ಮಾಡಿದರೆ ಭಕ್ತಿಗೇನೂ ಕುಂದಿಲ್ಲ.

ಸಾಮಾನು ಕಟ್ಟುವ ಕೆಲಸವನ್ನು ಎಲ್ಲರಿಗೂ ಹಂಚಿರಿ. ಔಷಧ, ಹಣ, ಟಿಕೀಟುಗಳು ಯಜಮಾನರ ಪಾಲು. ತಮ್ಮ ತಮ್ಮ ಬಟ್ಟೆಬರೆ ಮಕ್ಕಳ ಪಾಲು. ಎರಡು ದಿನಕ್ಕೆ ಬೇಕಾದ ಔಷಧಗಳಿಗೆ ಇನ್ನೂ ಎರಡು ದಿನದ್ದನ್ನು ಸೇರಿಸಿ ಇಡಿ. ತಂಗುವ ಕೊಠಡಿಯನ್ನು ಗೊತ್ತುಮಾಡುವಾಗ ಕಿಟಕಿಯಿಂದ ಹೊಳೆ ಕಾಣುತ್ತದೆಯೇ ಎಂಬುದಕ್ಕಿಂತ ಮೊದಲು, ಶೌಚಾಲಯವು ನಿರ್ಮಲವಾಗಿದೆಯೇ, ಹಿರಿಯರು ಮೆಟ್ಟಲು ಹತ್ತಬೇಕೇ ಎಂಬುದನ್ನು ಕೇಳಿ ತಿಳಿಯಿರಿ. ವೆಚ್ಚದ ವಿಷಯದಲ್ಲಿ, ಪ್ರಯಾಣ, ವಸತಿ, ಊಟ, ಇತರೇ ಎಂದು ನಾಲ್ಕು ಬಾಬುಗಳನ್ನು ಮಾಡಿ, ಒಟ್ಟು ಹಣದಲ್ಲಿ ಐದನೆಯ ಒಂದು ಪಾಲನ್ನು ಯಾವ ಬಾಬಿಗೂ ಸೇರಿಸದೆ ಬೇರೆಯಾಗಿ ಇಟ್ಟುಕೊಂಡರೆ ಯಾವ ತೊಂದರೆಗೂ ಗಾಬರಿಪಡಬೇಕಾಗಿಲ್ಲ.

ಹಿರಿಯರ ಮನಸ್ಸು

ಪ್ರವಾಸದ ಮಾತು ಬಂದಾಗ ಅನೇಕ ಮನೆಗಳಲ್ಲಿ ನಡೆಯುವ ಸಂಭಾಷಣೆ ಹೀಗಿರುತ್ತದೆ.

"ನೀವೆಲ್ಲ ಹೋಗಿ ಬನ್ನಿರಮ್ಮ. ನಾನು ಮನೆ ನೋಡಿಕೊಂಡು ಇರುತ್ತೇನೆ."

"ಹಾಗೆನ್ನಬೇಡಿ ಅತ್ತೆ. ಕಾವೇರಿಸ್ನಾನ ಮಾಡಬೇಕೆಂದು ನೀವೇ ಹೇಳುತ್ತಿದ್ದಿರಲ್ಲ?"

"ಹೇಳುತ್ತಿದ್ದೆ ತಾಯಿ. ಈಗ ಈ ಮೊಣಕಾಲು ಇಟ್ಟುಕೊಂಡು ಯಾರಿಗೆ ಭಾರವಾಗಲಿ?"

ಈ ಮಾತನ್ನು ಕೇಳಿ, ಅವರಿಗೇ ಇಷ್ಟವಿಲ್ಲವಂತೆ ಎಂದು ಬಿಟ್ಟು ಹೋಗುವವರುಂಟು. ಅದು ಇಷ್ಟವಿಲ್ಲದ ಮಾತಲ್ಲ, ಸಂಕೋಚದ ಮಾತು. ಅದಕ್ಕೆ ಬಾಯಿಮಾತಿನ ಒತ್ತಾಯಕ್ಕಿಂತ ಏರ್ಪಾಡಿನಿಂದಲೇ ಉತ್ತರ ಕೊಡಬೇಕು. ಮಡಚುವ ಒಂದು ಸಣ್ಣ ಪೀಠ, ಊರುಗೋಲು, ಒಂದು ತಂಬಿಗೆ, ಒಣಬಟ್ಟೆಗಳ ಗಂಟು. ಇಷ್ಟನ್ನು ಅವರ ಕಣ್ಣೆದುರಿಗೆ ಸಿದ್ಧಮಾಡಿ ಇಟ್ಟರೆ ಅವರ ಸಂಕೋಚ ಅರ್ಧ ಕರಗುತ್ತದೆ. ಸ್ನಾನಘಟ್ಟದ ಮೇಲಿನ ಮೆಟ್ಟಲಿನಲ್ಲಿ ಕುಳ್ಳಿರಿಸಿ, ಮಗನೋ ಸೊಸೆಯೋ ತಂಬಿಗೆಯಲ್ಲಿ ನೀರು ತಂದು ಹೊಯ್ದರೆ ಅದೂ ಕಾವೇರಿಸ್ನಾನವೇ. ಮುಳುಗು ಹಾಕಬೇಕೆಂಬ ವಿಧಿಯಿಲ್ಲ. ಬೆಳಗಿನ ಎಂಟರ ಮೇಲೆ, ಬಿಸಿಲು ಬಂದ ನಂತರ ಸ್ನಾನವಾಗಲಿ. ಚಳಿಯ ಪ್ರಾತಃಕಾಲದಲ್ಲಿ ತಣ್ಣೀರು ಹೃದ್ರೋಗಿಗಳಿಗೂ ರಕ್ತದ ಒತ್ತಡವುಳ್ಳವರಿಗೂ ಒಳ್ಳೆಯದಲ್ಲ. ಇಂತಹ ಆಸೆಗಳನ್ನು ಮುಂದಿನ ವರ್ಷಕ್ಕೆ, ಅದರ ಮುಂದಿನ ವರ್ಷಕ್ಕೆ ಎಂದು ತಳ್ಳುತ್ತ ಹೋಗುವುದು ಸುಲಭ. ಮೊಣಕಾಲುಗಳು ಕಾಯುವುದಿಲ್ಲ.

ನೀರಿನ ಬಳಿಯಲ್ಲಿ

ಈಗ ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಇದನ್ನು ಮನೆಯ ಎಲ್ಲರಿಗೂ ಓದಿ ಹೇಳಬೇಕೆಂದು ಪ್ರಾರ್ಥಿಸುತ್ತೇವೆ.

ಕಾವೇರಿಯಲ್ಲಿ ವಿಹಾರಕ್ಕೆಂದು ಹೋದವರು ಮುಳುಗಿ ಸತ್ತ ವಾರ್ತೆಯು ಪತ್ರಿಕೆಗಳಲ್ಲಿ ಬಾರದ ವರ್ಷವಿಲ್ಲ. ಆ ವಾರ್ತೆಗಳಲ್ಲಿ ಅನೇಕವು ಒಂದೇ ಬಗೆಯಾಗಿರುತ್ತವೆ: ಒಬ್ಬನು ಕಾಲುಜಾರಿದನು, ಅವನನ್ನು ಹಿಡಿಯಲು ಇನ್ನೊಬ್ಬನು ಇಳಿದನು, ಅವನ ಹಿಂದೆ ಮತ್ತೊಬ್ಬನು. ಕಾವೇರಿಯ ತಳವು ಸಮನಾದ ಮರಳಲ್ಲ. ಅಲ್ಲಿ ಪಾಚಿ ಕಟ್ಟಿದ ಬಂಡೆಗಳಿವೆ, ಬಂಡೆಗಳ ನಡುವೆ ನೀರು ಕೊರೆದ ಗುಂಡಿಗಳಿವೆ, ಮರಳು ತೆಗೆದ ಹೊಂಡಗಳಿವೆ, ಸುಳಿಗಳಿವೆ. ಒಂದು ಹೆಜ್ಜೆ ಮೊಣಕಾಲುದ್ದ, ಮುಂದಿನ ಹೆಜ್ಜೆ ಆಳುದ್ದ. ಮೇಲೆ ನೋಡಿದರೆ ಎರಡೂ ಒಂದೇ ಸಮನಾಗಿ ಕಾಣುತ್ತವೆ. ಈಜುಕೊಳದಲ್ಲಿ ಈಜು ಕಲಿತವನ ವಿದ್ಯೆಯು ಹರಿಯುವ ನೀರಿನಲ್ಲಿ ಬಹಳ ಸ್ವಲ್ಪ ದೂರಕ್ಕೆ ಮಾತ್ರ ಸಾಗುತ್ತದೆ.

ಆದುದರಿಂದ ಊರಿನವರು ನಿತ್ಯ ಸ್ನಾನಮಾಡುವ, ಮೆಟ್ಟಲುಗಳುಳ್ಳ ಘಟ್ಟವಲ್ಲದೆ ಬೇರೆಲ್ಲಿಯೂ ನೀರಿಗೆ ಇಳಿಯಬೇಡಿ. ನಿರ್ಜನವಾಗಿ ಸೊಗಸಾಗಿ ಕಾಣುವ ದಡವು ನಿರ್ಜನವಾಗಿರುವುದಕ್ಕೆ ಕಾರಣವಿರುತ್ತದೆ. ಎಚ್ಚರಿಕೆಯ ಹಲಗೆಯಿರುವ ಕಡೆ ನಿಂತು ನೋಡಿ ಹಿಂದಿರುಗಿ. ನೀರು ಮೊಣಕಾಲನ್ನು ಮೀರಿದ ಕಡೆಗೆ ಮಕ್ಕಳು ಹೋಗಕೂಡದು. ಒಂದೊಂದು ಮಗುವಿಗೂ ಒಬ್ಬ ದೊಡ್ಡವರನ್ನು ಹೆಸರು ಹೇಳಿ ಗೊತ್ತುಮಾಡಿ. ಎಲ್ಲರೂ ನೋಡಿಕೊಳ್ಳುತ್ತಾರೆ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ ಎಂದೇ ಅರ್ಥ. ನೀರಿನ ಬಳಿ ಇರುವಷ್ಟು ಹೊತ್ತು ಆ ದೊಡ್ಡವರು ಫೋನನ್ನು ಚೀಲದಲ್ಲಿ ಇಟ್ಟಿರಲಿ. ಚಿತ್ರ ತೆಗೆಯುವುದಕ್ಕಾಗಿ ಬಂಡೆಯ ಮೇಲೆ ಹಿಂದುಹಿಂದಕ್ಕೆ ಸರಿಯುವುದು, ಕುಡಿದು ನೀರಿಗಿಳಿಯುವುದು, ಕತ್ತಲಾದ ಮೇಲೆ ಸ್ನಾನಮಾಡುವುದು ಸರ್ವಥಾ ವರ್ಜ್ಯ. ಸಂಗಮದಲ್ಲಿ ಹರಿಗೋಲಿನಲ್ಲಿ ಕುಳಿತು ತಿರುಗುವುದು ಮಕ್ಕಳಿಗೆ ಮಹದಾನಂದ. ಆದರೆ ತೇಲುವ ಅಂಗಿಯನ್ನು ಕೊಡದ ಹರಿಗೋಲನ್ನು, ಮಿತಿಮೀರಿ ಜನರನ್ನು ತುಂಬುವ ಹರಿಗೋಲನ್ನು ಹತ್ತಬೇಡಿ.

ಮುಳುಗುವವನು ಕೂಗಿಕೊಳ್ಳುತ್ತಾನೆಂದು ನಾವು ನಂಬಿದ್ದೇವೆ. ಉಸಿರಿಗೇ ತಡಕಾಡುವವನಿಗೆ ಕೂಗಲು ಶಕ್ತಿಯಿರುವುದಿಲ್ಲ. ಬಹುಪಾಲು ಮುಳುಗುವಿಕೆಯು ನಿಶ್ಶಬ್ದವಾಗಿಯೇ ನಡೆದುಹೋಗುತ್ತದೆ. ಗಲಾಟೆ ಮಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ಆ ಕ್ಷಣವೇ ತಿರುಗಿ ನೋಡಬೇಕು. ಯಾರಾದರೂ ಸಿಕ್ಕಿಕೊಂಡರೆ ಹಿಂದೆಯೇ ಧುಮುಕಬೇಡಿ. ದಡದಲ್ಲಿ ನಿಂತೇ ಕೋಲನ್ನು ಚಾಚಿ, ಸೀರೆಯ ಸೆರಗನ್ನೋ ಪಂಚೆಯನ್ನೋ ಹಗ್ಗವನ್ನೋ ಎಸೆಯಿರಿ, ಬಾಯಿಕಟ್ಟಿದ ಖಾಲಿ ಡಬ್ಬವನ್ನಾದರೂ ಎಸೆಯಿರಿ, ಹರಿಗೋಲಿನವರನ್ನು ಕೂಗಿರಿ, ೧೧೨ಕ್ಕೆ ಫೋನು ಮಾಡಿರಿ. ಇದಕ್ಕಾಗಿ ಹತ್ತು ಹದಿನೈದು ಮೀಟರಿನ ಗಟ್ಟಿಯಾದ ಹಗ್ಗವೊಂದು ನಿಮ್ಮ ಚೀಲದಲ್ಲಿ ಇರಲಿ.

ಮೇಲಕ್ಕೆ ತಂದವನನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಹಳೆಯ ಪದ್ಧತಿ. ಅದರಿಂದ ಕೇಡಾಗುವುದೆಂದು ವೈದ್ಯಶಾಸ್ತ್ರವು ಈಗ ಹೇಳುತ್ತದೆ. ಉಸಿರಾಟವಿಲ್ಲದಿದ್ದರೆ ಅಂಗಾತ ಮಲಗಿಸಿ, ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಮೂಗನ್ನು ಮುಚ್ಚಿ, ಮೊದಲು ಬಾಯಿಂದ ಬಾಯಿಗೆ ಉಸಿರನ್ನು ಊದಬೇಕು. ಅನಂತರ ಎದೆಯ ನಡುವೆ ಅಂಗೈಯಿಟ್ಟು ಬಲವಾಗಿಯೂ ವೇಗವಾಗಿಯೂ ೩೦ ಸಲ ಒತ್ತುವುದು, ೨ ಸಲ ಊದುವುದು. ಸಹಾಯ ಬರುವವರೆಗೆ ಇದನ್ನೇ ಬಿಡದೆ ಮಾಡತಕ್ಕದ್ದು. ಎಚ್ಚರಗೊಂಡು ಎದ್ದು ಕುಳಿತರೂ ಆಸ್ಪತ್ರೆಗೆ ಒಯ್ದು ತೋರಿಸಲೇಬೇಕು. ಮನೆಯಲ್ಲಿ ಇಬ್ಬರಾದರೂ ಈ ಕ್ರಮವನ್ನು ಬಲ್ಲವರಿಂದ ಕಲಿತು ಹೊರಟರೆ ಅದಕ್ಕಿಂತ ಒಳ್ಳೆಯ ಪ್ರಯಾಣಸನ್ನಾಹವಿಲ್ಲ.

ಎರಡು ದಿನದ ಕ್ರಮ

ಎರಡೇ ದಿನದಲ್ಲಿ ಮೈಸೂರು, ಬೃಂದಾವನ, ಚಾಮುಂಡಿಬೆಟ್ಟ, ಮೇಲುಕೋಟೆಗಳನ್ನೆಲ್ಲ ಮುಗಿಸಿ ಬಂದೆವೆಂದು ಹೇಳಿಕೊಳ್ಳುವವರುಂಟು. ಅವರು ನೋಡಿದ್ದು ರಸ್ತೆಯನ್ನು. ಎರಡು ದಿನಕ್ಕೆ ಒಂದು ದ್ವೀಪ ಸಾಕು.

ಮೊದಲನೆಯ ದಿನ ಬೆಳಗಿನ ರೈಲಿನಲ್ಲಿ ಹೊರಟು, ಕೊಠಡಿ ಸೇರಿ, ಬುತ್ತಿಯನ್ನು ಉಂಡು, ಬಿಸಿಲಿಳಿಯುವವರೆಗೆ ಎಲ್ಲರೂ ಮಲಗಿರಿ. ಸಂಜೆ ರಂಗನಾಥನ ದರ್ಶನ. ಗಂಗರ ಕಾಲದ, ಅಂದರೆ ಒಂಬತ್ತನೆಯ ಶತಮಾನದ ಮೂಲವುಳ್ಳದ್ದೆಂದು ಹೇಳುವ ಈ ಗುಡಿಯಲ್ಲಿ ಶೇಷಶಾಯಿಯ ಮೂರ್ತಿಯನ್ನು ಅವಸರವಿಲ್ಲದೆ ನೋಡಬೇಕು. ಬಳಿಕ ಕೋಟೆಯ ಗೋಡೆ, ೧೭೯೯ರ ಮೇ ೪ರಂದು ಟಿಪ್ಪು ಸುಲ್ತಾನನು ಮಡಿದು ಬಿದ್ದ ಸ್ಥಳ. ಅಲ್ಲಿಂದ ಹೊಳೆಯ ಮೇಲಿನ ವೆಲ್ಲೆಸ್ಲಿ ಸೇತುವೆಯ ಕಡೆಗೆ ಹೋಗಬಹುದು. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ, ೧೮೦೪ರಲ್ಲಿ, ಕಲ್ಲಿನ ಕಂಬಗಳನ್ನು ನಿಲ್ಲಿಸಿ ಕಟ್ಟಿದ ಸೇತುವೆಯದು. ಎರಡು ಶತಮಾನಗಳ ಪ್ರವಾಹಗಳನ್ನು ಕಂಡ ಆ ಕಂಬಗಳನ್ನು ದಡದಿಂದ ನೋಡುತ್ತ ಅರ್ಧ ಗಂಟೆ ಸುಮ್ಮನೆ ಕುಳಿತಿರಿ.

ಎರಡನೆಯ ದಿನ ಹೊತ್ತಿಗೆ ಮುಂಚೆ ರಂಗನತಿಟ್ಟಿಗೆ. ಹದಿನೇಳನೆಯ ಶತಮಾನದಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಇಲ್ಲಿಯ ಕಿರುದ್ವೀಪಗಳು ಉಂಟಾದುವು. ಪಕ್ಷಿತಜ್ಞ ಸಾಲಿಂ ಅಲಿಯವರ ಸಲಹೆಯ ಮೇರೆಗೆ ಮೈಸೂರು ಸರ್ಕಾರವು ೧೯೪೦ರಲ್ಲಿ ಇದನ್ನು ಪಕ್ಷಿಧಾಮವಾಗಿ ಸಾರಿತು. ೨೦೨೨ರಲ್ಲಿ ಇದು ಅಂತರರಾಷ್ಟ್ರೀಯ ಮಹತ್ತ್ವದ ಜೌಗುನೆಲವೆಂದು ರಾಮ್ಸಾರ್ ಪಟ್ಟಿಯನ್ನು ಸೇರಿತು. ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ, ಹೆಜ್ಜಾರ್ಲೆಗಳನ್ನು ದೋಣಿಯಿಂದ ಕೈಗೆಟಕುವಷ್ಟು ಸಮೀಪದಲ್ಲಿ ಕಾಣಬಹುದು. ಬಂಡೆಗಳ ಮೇಲೆ ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆಗಳೂ ಕಾಣುತ್ತವೆ. ಸಿಕ್ಕಸಿಕ್ಕಲ್ಲಿ ನೀರಿಗಿಳಿಯಬಾರದೆಂಬ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಮಕ್ಕಳಿಗೆ ಬೇಕಾಗುವುದಿಲ್ಲ. ಹಿಂದಿರುಗಿ ಬಿಸಿಲೇರಿದ ಮೇಲೆ ಘಟ್ಟದಲ್ಲಿ ಸ್ನಾನ, ಊಟ. ಮಧ್ಯಾಹ್ನಕ್ಕೆ ೧೭೮೪ರಲ್ಲಿ ಕಟ್ಟಿದ ದರಿಯಾ ದೌಲತ್ತಿನ ತಂಪಾದ ತೋಟ. ಅದರ ಗೋಡೆಯ ಮೇಲೆ ೧೭೮೦ರ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆ. ಅನಂತರ ಸಂಗಮದ ದಡದಲ್ಲಿ ಒಂದು ಗಂಟೆ. ಸಂಜೆಯ ರೈಲಿಗೆ ಊರು.

ಸಂಗಮದಲ್ಲಿ ಒಂದು ವಿವೇಕ ಅಗತ್ಯ. ಅಲ್ಲಿಗೆ ಎಲ್ಲರೂ ಸಂತೋಷಕ್ಕಾಗಿ ಬಂದವರಲ್ಲ. ತೀರಿಹೋದ ತಮ್ಮವರ ಅಸ್ಥಿಯನ್ನು ಹೊಳೆಗೆ ಬಿಡಲು ಬಂದವರು, ಪಿತೃಕಾರ್ಯಕ್ಕೆ ಬಂದವರು ಪಕ್ಕದ ಮೆಟ್ಟಲಿನಲ್ಲಿಯೇ ಕುಳಿತಿರುತ್ತಾರೆ. ನಮ್ಮ ನಗು, ಹಾಡು, ಚಿತ್ರಗಳು ಅವರ ದುಃಖಕ್ಕೆ ಅಡ್ಡಿಯಾಗದಂತೆ ದೂರದಲ್ಲಿ ಕುಳಿತುಕೊಳ್ಳುವುದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿ. ಒಂದೇ ನೀರು ಇಬ್ಬರಿಗೂ ಸೇರಿದುದೆಂಬುದು ಅವರಿಗೆ ಆಗಲೇ ತಿಳಿಯಲಿ.

ಹೊಳೆಯ ಋಣ

ಹೊರಡುವುದಕ್ಕೆ ಮುನ್ನ ಮಕ್ಕಳನ್ನು ಅಡಿಗೆಮನೆಯ ನಲ್ಲಿಯ ಬಳಿ ನಿಲ್ಲಿಸಿ ಒಂದು ಸಂಗತಿಯನ್ನು ಹೇಳಿ. ಬೆಂಗಳೂರಿಗೆ ಕಾವೇರಿಯ ನೀರು ೧೯೭೪ರಲ್ಲಿ ಮೊದಲು ಬಂದಿತು. ೨೦೨೪ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಕಾರ್ಯಾರಂಭವಾಯಿತು. ಶಿವನಸಮುದ್ರದ ಬಳಿ ಹೊಳೆಯಿಂದ ತೆಗೆದ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧಿಮಾಡಿ, ಸುಮಾರು ನೂರು ಕಿಲೋಮೀಟರು ದೂರ, ಸುಮಾರು ಐನೂರು ಮೀಟರು ಎತ್ತರಕ್ಕೆ, ಮೂರು ಕಡೆ ಯಂತ್ರಗಳಿಂದ ಎತ್ತಿ ನಮ್ಮ ಮನೆಗೆ ಮುಟ್ಟಿಸುತ್ತಾರೆ. ಆ ಶಿವನಸಮುದ್ರವು ಶ್ರೀರಂಗಪಟ್ಟಣಕ್ಕೆ ಕೆಳಗಡೆ ಇದೆ. ಎಂದರೆ, ನಾವು ಶ್ರೀರಂಗಪಟ್ಟಣದ ಘಟ್ಟದಲ್ಲಿ ಕಂಡ ನೀರೇ ಕೆಳಕ್ಕೆ ಹರಿದು, ಮತ್ತೆ ಬೆಟ್ಟವೇರಿ, ನಮ್ಮ ಬಿಂದಿಗೆಗೆ ಬರುತ್ತದೆ.

ಹೀಗಿರುವಾಗ ಸ್ನಾನವಾದ ಮೇಲೆ ಹಳೆಯ ಬಟ್ಟೆಯನ್ನು ಹೊಳೆಗೆ ಬಿಡುವುದು, ಸಾಬೂನು ಶಾಂಪೂಗಳ ಚೀಟಿಗಳನ್ನು ಮೆಟ್ಟಲಿನಲ್ಲಿ ಎಸೆಯುವುದು, ಪೂಜೆಯ ಹೂವನ್ನು ಪ್ಲಾಸ್ಟಿಕ್ಕಿನ ಚೀಲದ ಸಮೇತ ತೇಲಿಸುವುದು ಯಾರಿಗೆ ಮಾಡಿದ ಅಪಚಾರವೆಂಬುದನ್ನು ಆಲೋಚಿಸಿರಿ. ಬಟ್ಟೆಯನ್ನು ಬಿಟ್ಟರೆ ಪಾಪ ಹೋಗುತ್ತದೆಂದು ನಂಬಿದವರೊಡನೆ ವಾದ ಬೇಡ. ಆ ಬಟ್ಟೆಯನ್ನು ತೊಳೆದು ಬಡವರಿಗೆ ಕೊಟ್ಟರೆ ಪಾಪ ಕಳೆಯುವುದರ ಜೊತೆಗೆ ಪುಣ್ಯವೂ ಬರುತ್ತದೆಂದು ಮೆಲ್ಲಗೆ ಹೇಳಿ. ಒಂದು ಖಾಲಿ ಚೀಲವನ್ನು ಒಯ್ದು ನಮ್ಮ ಕಸವನ್ನೆಲ್ಲ ಅದರಲ್ಲಿಯೇ ತುಂಬಿ ಹಿಂದಕ್ಕೆ ತರುವುದು ಯಾವ ಸಂಸಾರಕ್ಕೂ ಅಸಾಧ್ಯವಲ್ಲ.

ಹೀಗೆ ಹೋಗಿ ಬಂದ ಮನೆಯಲ್ಲಿ ಮರುದಿನ ಬೆಳಗ್ಗೆ ನಲ್ಲಿಯನ್ನು ತಿರುಗಿಸಿದ ಮಗುವು ನೀರು ತುಂಬಿದೊಡನೆ ಅದನ್ನು ತಾನಾಗಿಯೇ ನಿಲ್ಲಿಸಿದರೆ, ಅಜ್ಜಿಯು ತಂಬಿಗೆಯ ಸ್ನಾನದ ವಿಷಯವನ್ನು ನೆರೆಯವರಿಗೆ ಹೇಳುತ್ತಿದ್ದರೆ, ಮನೆಯೊಡತಿಯು ಮುಂದಿನ ಸಲ ಯಾವಾಗ ಎಂದು ತಾನೇ ಕೇಳಿದರೆ, ಪ್ರವಾಸವು ಸಾರ್ಥಕವಾಯಿತೆಂದು ತಿಳಿಯಬಹುದು. ಚಳಿಗಾಲವು ಬಹುದೂರವೇನೂ ಇರುವುದಿಲ್ಲ. ವಾಚಕರು ಪಂಚಾಂಗವನ್ನೂ ಕಟ್ಟೆಯ ಮಟ್ಟವನ್ನೂ ಒಟ್ಟಿಗೆ ನೋಡಿ ಒಂದು ದಿನವನ್ನು ಇಂದೇ ಗೊತ್ತುಮಾಡಲಿ.